ಕಡಿಮೆ ಖರ್ಚಿನಲ್ಲಿ ಹಿತ್ತಲ ಕೋಳಿಗೂಡು: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

‘ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಬೇಕು, ಗೂಡಿಗೆ ಜಾಸ್ತಿ ದುಡ್ಡು ಹಾಕೋಕೆ ಆಗಲ್ಲ, ಹೇಗೆ ಕಟ್ಟೋದು?’ ಈ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಗರಗಸ ಹಿಡಿದು ನೇರವಾಗಿ ಕೊಯ್ಯಲು, ಸ್ಕ್ರೂ ತಿರುಗಿಸಲು ಬಂದರೆ ಸಾಕು. ಬಡಗಿ ಕೆಲಸ ಕಲಿತಿರಬೇಕಿಲ್ಲ.

ಮೊದಲೇ ಒಂದು ಮಾತು. ಗೂಡಿನಲ್ಲಿ ಜಾಲರಿ, ಚಿಲಕ, ಚಾವಣಿ ಈ ಮೂರಕ್ಕೆ ಮಾತ್ರ ಕೈಬಿಚ್ಚಿ ಖರ್ಚು ಮಾಡಿ. ಮರ, ಗೋಡೆ, ಮೊಟ್ಟೆ ಪೆಟ್ಟಿಗೆ, ಕೂರುವ ಕೋಲು, ನೀರಿನ ಪಾತ್ರೆ ಎಲ್ಲ ಹಳೆಯದಾದರೂ ನಡೆಯುತ್ತದೆ. ಸಾಮಾನ್ಯವಾಗಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ಹೊಸ ಹಲಗೆ, ಚೆಂದದ ಬಣ್ಣಕ್ಕೆ ದುಡ್ಡು ಸುರಿದು, ಕೊನೆಗೆ ಅಗ್ಗದ ಜಾಲರಿ ಸುತ್ತಿ, ಬಾಗಿಲಿಗೆ ಒಂದು ತಂತಿ ಕಟ್ಟಿ ಮುಗಿಸುತ್ತಾರೆ. ಒಂದೇ ರಾತ್ರಿಯಲ್ಲಿ ಕೋಳಿಗಳೆಲ್ಲ ಹೋಗುವುದು ಇಂಥ ಗೂಡುಗಳಲ್ಲೇ.

1. ನಿಯಮ, ಜಾಗ, ದಿಕ್ಕು

ಸಾಮಾನು ತರುವ ಮೊದಲು ನಿಮ್ಮ ಊರಿನ ಸ್ಥಳೀಯ ಆಡಳಿತದಲ್ಲಿ ವಿಚಾರಿಸಿ. ಕೋಳಿ ಸಾಕಬಹುದೇ, ಎಷ್ಟು ಸಾಕಬಹುದು, ಗೂಡು ಬೇಲಿಯಿಂದ ಎಷ್ಟು ದೂರ ಇರಬೇಕು ಎಂಬುದಕ್ಕೆ ಹಲವು ಕಡೆ ನಿಯಮಗಳಿವೆ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಬಿಡಿ. ಹೆಚ್ಚಿನ ತಕರಾರು ಹುಂಜದ ಕೂಗಿನಿಂದ ಬರುವುದು. ಮೊಟ್ಟೆಗೆ ಹುಂಜ ಬೇಕೇ ಬೇಕು ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಹೇಂಟೆಗಳು ಹುಂಜವಿಲ್ಲದೆಯೂ ಮೊಟ್ಟೆ ಇಡುತ್ತವೆ. ಮರಿ ಮಾಡಿಸಬೇಕಾದರೆ ಮಾತ್ರ ಹುಂಜ ಬೇಕು.

ಜಾಗ ಸ್ವಲ್ಪ ಎತ್ತರದಲ್ಲಿರಲಿ. ಜೋರು ಮಳೆ ಬಂದಾಗ ಒಮ್ಮೆ ಹಿತ್ತಲಿಗೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ, ಆ ಜಾಗವನ್ನು ಬಿಟ್ಟುಬಿಡಿ. ಮರದ ನೆರಳು ಸಿಕ್ಕರೆ ಒಳ್ಳೆಯದು. ಕೋಳಿಗೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಸೆಕೆ ಜಾಸ್ತಿ ಇರುವ ಕಡೆ ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ. ಆಗ ಬೆಳಗ್ಗೆ-ಸಂಜೆಯ ಓರೆ ಬಿಸಿಲು ಅಗಲವಾದ ಗೋಡೆಗೆ ಹೊಡೆಯುವುದಿಲ್ಲ. ಚಳಿ ಪ್ರದೇಶವಾದರೆ ಬಿಸಿಲು ಬೀಳುವ ಕಡೆಗೆ ಗೂಡಿನ ಮುಖ ಇರಲಿ, ಗಾಳಿ ಬೀಸುವ ಕಡೆಗೆ ಬೆನ್ನು.

2. ಅಳತೆ

ಒಂದು ಕೋಳಿಗೆ ಗೂಡಿನ ಒಳಗೆ 3ರಿಂದ 4 ಚದರ ಅಡಿ, ಹೊರಗೆ ಓಡಾಡುವ ಅಂಗಳದಲ್ಲಿ 8ರಿಂದ 10 ಚದರ ಅಡಿ ಜಾಗ ಬೇಕು. ಅಂಗಳ ಎಂದರೆ ಗೂಡಿಗೆ ಅಂಟಿಕೊಂಡು ಜಾಲರಿ ಕಟ್ಟಿದ ಬಯಲು. ಇದಕ್ಕಿಂತ ಇಕ್ಕಟ್ಟಾದರೆ ಕೋಳಿಗಳು ಒಂದನ್ನೊಂದು ಕುಕ್ಕಿ ಪುಕ್ಕ ಕೀಳುತ್ತವೆ. ಆ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ಅಂಗಡಿಯಲ್ಲಿ ಸಿಗುವ ಸಿದ್ಧ ಗೂಡಿನ ಮೇಲೆ ‘8 ಕೋಳಿಗೆ’ ಎಂದು ಬರೆದಿದ್ದರೂ ಟೇಪು ಹಿಡಿದು ಅಳೆಯಿರಿ. ಅರ್ಧ ಕೋಳಿಗಳಿಗೂ ಸಾಲದ ಗೂಡುಗಳು ಬೇಕಾದಷ್ಟಿವೆ.

ಈ ಲೇಖನಕ್ಕೆ ನಾಲ್ಕು ಕೋಳಿಯ ಲೆಕ್ಕ ಇಟ್ಟುಕೊಳ್ಳೋಣ. ಗೂಡು 4 ಅಡಿಗೆ 4 ಅಡಿ, ನೆಲದಿಂದ 2 ಅಡಿ ಎತ್ತರದಲ್ಲಿ. ಅದರ ಪಕ್ಕಕ್ಕೆ 4 ಅಡಿ ಅಗಲ, 8 ಅಡಿ ಉದ್ದದ ಅಂಗಳ. ಗೂಡಿನ ಕೆಳಗಿನ ಜಾಗವೂ ಅಂಗಳಕ್ಕೇ ಸೇರುತ್ತದೆ. ಮಳೆ-ಬಿಸಿಲಿಗೆ ಕೋಳಿಗಳು ಅಲ್ಲಿಗೇ ಓಡುತ್ತವೆ. ಎಲ್ಲ ಅಳತೆಯನ್ನೂ 4ರ ಲೆಕ್ಕದಲ್ಲಿ ಇಟ್ಟಿದ್ದಕ್ಕೆ ಕಾರಣವಿದೆ. ಪ್ಲೈವುಡ್ ಸಾಮಾನ್ಯವಾಗಿ 8 ಅಡಿಗೆ 4 ಅಡಿ ಅಳತೆಯಲ್ಲಿ ಬರುತ್ತದೆ. ಒಂದು ಹಾಳೆಯನ್ನು ಅರ್ಧಕ್ಕೆ ಕೊಯ್ದರೆ ಒಂದು ತುಂಡು ನೆಲಕ್ಕೆ, ಇನ್ನೊಂದು ಹಿಂದಿನ ಗೋಡೆಗೆ. ಕಸಕ್ಕೆ ಹೋಗುವುದು ತೀರಾ ಕಡಿಮೆ.

ಮುಂದೆ ಇನ್ನೆರಡು ಕೋಳಿ ತರುವ ಯೋಚನೆ ಇದ್ದರೆ ಈಗಲೇ ಆರಕ್ಕೆ ಕಟ್ಟಿ. ಆಮೇಲೆ ದೊಡ್ಡದು ಮಾಡುವ ಖರ್ಚು ಈಗಿನದಕ್ಕಿಂತ ಖಂಡಿತ ಜಾಸ್ತಿ.

3. ಸಾಮಾನು ಕೂಡಿಸುವುದು

ಹಳೆ ಮನೆ ಕೆಡವುವ ಜಾಗ, ಗುಜರಿ, ಕಟ್ಟಡ ಕೆಲಸ ಮುಗಿದ ಕಡೆ ಉಳಿದ ರೀಪು, ಹಳೆ ಬಾಗಿಲು, ಕಿಟಕಿ ಚೌಕಟ್ಟು, ತಗಡು ಎಲ್ಲ ಅಗ್ಗಕ್ಕೆ ಸಿಗುತ್ತವೆ, ಕೆಲವೊಮ್ಮೆ ಪುಕ್ಕಟೆ. ಹಳೆಯ ಬಾಗಿಲೊಂದು ಸಿಕ್ಕರೆ ಒಂದಿಡೀ ಗೋಡೆ ಸಿಕ್ಕಂತೆ. ಆದರೆ ಸಿಕ್ಕಿದ್ದೆಲ್ಲ ತರಬೇಡಿ. ಈ ನಾಲ್ಕನ್ನು ನೋಡಿಕೊಳ್ಳಿ:

ಪ್ಯಾಲೆಟ್, ಅಂದರೆ ಸರಕು ಸಾಗಿಸಲು ಬಳಸುವ ಮರದ ಅಟ್ಟೆ. ಹೊರದೇಶಕ್ಕೆ ಹೋಗಿ ಬರುವ ಪ್ಯಾಲೆಟ್‌ಗಳ ಬದಿಯಲ್ಲಿ ಒಂದು ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಬಿಸಿ ಮಾಡಿ ಹುಳ ಸಾಯಿಸಿದ್ದು, ತರಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಬೇಡ. ಎಣ್ಣೆ ಅಥವಾ ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬೇಡ.

ತುಂಬ ಹಳೆಯ ಬಣ್ಣ ಚಕ್ಕೆಯೇಳುತ್ತಿರುವ ಮರದಲ್ಲಿ ಸೀಸ ಇರಬಹುದು. ಕೋಳಿ ಆ ಚಕ್ಕೆಗಳನ್ನು ಕುಕ್ಕಿ ತಿನ್ನುತ್ತದೆ, ಸೀಸ ಮೊಟ್ಟೆಗೂ ಸೇರುತ್ತದೆ.

ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಅವನ್ನು ಕೊಯ್ಯುವುದು, ತೂತು ಕೊರೆಯುವುದು ಮಾಡಲೇಬೇಡಿ. ಆ ದೂಳು ಶ್ವಾಸಕೋಶಕ್ಕೆ ಅಪಾಯ, ಕೋಳಿಗಿಂತ ಮೊದಲು ನಿಮಗೆ.

ಇನ್ನು ಗೆದ್ದಲು. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅಲ್ಲೇ ಬಿಟ್ಟು ಬನ್ನಿ.

ಹೊಸದಾಗಿ ಕೊಳ್ಳಬೇಕಾದದ್ದು: ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ತಂತಿಗಳು ಕೂಡುವ ಕಡೆಯೆಲ್ಲ ಬೆಸುಗೆ ಹಾಕಿದ ಗಟ್ಟಿ ಜಾಲರಿ), ಚಾವಣಿಗೆ ಅಲೆ ತಗಡು, ಸ್ಕ್ರೂ, ಅಗಲ ವಾಷರ್, ಬಿಜಾಗರಿ, ಒಳ್ಳೆಯ ಚಿಲಕಗಳು. ಉಪಕರಣಗಳಲ್ಲಿ ಗರಗಸ, ಸುತ್ತಿಗೆ, ಡ್ರಿಲ್, ಟೇಪು, ಇಕ್ಕಳ, ತಗಡು ಕತ್ತರಿ, ರಸಮಟ್ಟ ಇದ್ದರೆ ಆಯಿತು. ಇಲ್ಲದ್ದನ್ನು ಯಾರಿಂದಲಾದರೂ ಕೇಳಿ ತನ್ನಿ. ಒಂದು ಗೂಡಿಗೋಸ್ಕರ ಡ್ರಿಲ್ ಕೊಳ್ಳುವುದು ಸುಮ್ನೆ ದಂಡ.

4. ಚೌಕಟ್ಟು ನಿಲ್ಲಿಸುವುದು

ನೆಲ ಸಮ ಮಾಡಿ, ಕಂಬ ಬರುವ ಕಡೆ ಇಟ್ಟಿಗೆ ಅಥವಾ ಚಪ್ಪಡಿ ಕಲ್ಲು ಕೂರಿಸಿ. ಮರದ ಕಂಬ ನೇರವಾಗಿ ಮಣ್ಣಿಗೆ ತಾಗಬಾರದು, ಬುಡ ಬೇಗ ಕೊಳೆಯುತ್ತದೆ. ಮರಕ್ಕೆ ಹಳೆ ಎಂಜಿನ್ ಆಯಿಲ್ ಬಳಿಯಿರಿ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ಅದರಲ್ಲಿ ವಿಷದ ಲೋಹಗಳಿರುತ್ತವೆ, ಕೋಳಿಗಳು ಮರವನ್ನು ಕುಕ್ಕುತ್ತಲೇ ಇರುತ್ತವೆ.

ಮುಂದಿನ ಎರಡು ಕಂಬ 6 ಅಡಿ, ಹಿಂದಿನ ಎರಡು ಐದೂವರೆ ಅಡಿ ಇರಲಿ. ಆಗ ಚಾವಣಿಗೆ ಅರ್ಧ ಅಡಿ ಇಳಿಜಾರು ತಾನಾಗಿ ಸಿಗುತ್ತದೆ. ಎರಡು ಅಡಿ ಎತ್ತರದಲ್ಲಿ ಸುತ್ತ ಪಟ್ಟಿ ಹೊಡೆದು, ಅಡ್ಡಕ್ಕೆ ಇನ್ನೆರಡು ಪಟ್ಟಿ ಕೊಟ್ಟು, ಅದರ ಮೇಲೆ ಪ್ಲೈವುಡ್ ನೆಲ ಹಾಕಿ.

ಗೋಡೆ ಹೊಡೆಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆಯೂ ಒಂದೇ ಬಂದರೆ ಚೌಕ ಸರಿಯಾಗಿದೆ ಎಂದರ್ಥ. 4 ಅಡಿ ಚೌಕಕ್ಕೆ ಅದು ಸುಮಾರು 5 ಅಡಿ 8 ಇಂಚು ಬರಬೇಕು. ಒಂದು ಇಂಚು ಹೆಚ್ಚುಕಮ್ಮಿ ಆದರೆ ಏನಾಯಿತು ಅನಿಸಬಹುದು. ಬಾಗಿಲು ಕೂರಿಸುವಾಗ ಆ ಒಂದು ಇಂಚೇ ಇಲಿ ನುಗ್ಗುವ ಸಂದಿ ಆಗುತ್ತದೆ. ಸರಿಯಾಯಿತು ಎನಿಸಿದ ಮೇಲೆ ಮೂಲೆಗಳಿಗೆ ಓರೆಪಟ್ಟಿ ಹೊಡೆಯಿರಿ, ಚೌಕಟ್ಟು ಅಲ್ಲಾಡುವುದಿಲ್ಲ.

ಮೊಳೆಗಿಂತ ಸ್ಕ್ರೂ ವಾಸಿ. ಮುಂದೆ ಏನಾದರೂ ಬದಲಿಸಬೇಕಾದಾಗ ಬಿಚ್ಚಬಹುದು.

5. ಚಾವಣಿ

ಅಲೆ ತಗಡು ಸಾಕು. ಗೋಡೆಯಿಂದ ಹೊರಕ್ಕೆ ಕನಿಷ್ಠ 6 ಇಂಚು ಚಾಚಿರಲಿ, ಮಳೆ ಬಡಿಯುವ ಕಡೆ 1 ಅಡಿ. ನೀರು ಹಿಂದಕ್ಕೆ ಬೀಳಬೇಕು, ಅಂಗಳದೊಳಕ್ಕಲ್ಲ. ಎರಡು ತಗಡು ಸೇರುವ ಕಡೆ ಒಂದೂವರೆ ಅಲೆಯಷ್ಟು ಒಂದರ ಮೇಲೊಂದು ಬರಲಿ. ಸ್ಕ್ರೂ ಹಾಕುವುದು ಅಲೆಯ ಉಬ್ಬಿನ ಮೇಲೆ, ರಬ್ಬರ್ ವಾಷರ್ ಸಮೇತ. ನೀರು ಹರಿಯುವುದು ತಗ್ಗಿನಲ್ಲಿ. ಅಲ್ಲಿ ತೂತು ಹಾಕಿದರೆ ಸೋರದೆ ಇನ್ನೇನಾಗುತ್ತದೆ, ಅಲ್ವಾ?

ತಗಡು ಬಿಸಿಲಿಗೆ ಕಾಯುತ್ತದೆ. ಮೇಲೆ ಬಿಳಿ ಬಣ್ಣ ಬಳಿದರೆ ಬಿಸಿ ಕಡಿಮೆ. ಒಳಗಿನಿಂದ ಥರ್ಮಾಕೋಲ್ ಅಂಟಿಸುವುದಾದರೆ ಅದು ಕೋಳಿ ಕೊಕ್ಕಿಗೆ ಸಿಗದಂತೆ ಹಲಗೆ ಮುಚ್ಚಿ. ಕೋಳಿಗಳಿಗೆ ಥರ್ಮಾಕೋಲ್ ತಿನ್ನುವುದೆಂದರೆ ಎಲ್ಲಿಲ್ಲದ ಆಸೆ. ಯಾಕೋ ಗೊತ್ತಿಲ್ಲ, ಕಾಳು ಬಿಟ್ಟು ಅದಕ್ಕೇ ಹೋಗುತ್ತವೆ.

6. ಗಾಳಿ

ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಚಳಿ ಆಗುತ್ತದೆಂದು ಗೂಡನ್ನು ಡಬ್ಬಿಯ ಹಾಗೆ ಮುಚ್ಚಿಬಿಡುತ್ತಾರೆ. ಕೋಳಿಗೆ ಪುಕ್ಕದ ಹೊದಿಕೆ ಇದೆ, ಒಣ ಚಳಿಯನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ತಡೆಯಲಾಗದ್ದು ತೇವ ಮತ್ತು ಅಮೋನಿಯಾ. ಅಮೋನಿಯಾ ಎಂದರೆ ಹಿಕ್ಕೆ ಕೊಳೆಯುವಾಗ ಏಳುವ ಘಾಟು ಅನಿಲ. ಅದರಿಂದ ಕಣ್ಣು, ಉಸಿರಾಟದ ಕಾಯಿಲೆ ಬರುತ್ತದೆ. ಕೊರೆಯುವ ಚಳಿಯಲ್ಲಿ ಜುಟ್ಟು ಮರಗಟ್ಟಿ ಕಪ್ಪಾಗುವುದಕ್ಕೂ ಒಳಗಿನ ತೇವ ದೊಡ್ಡ ಕಾರಣ.

ಎದುರುಬದುರು ಎರಡು ಗೋಡೆಗಳಲ್ಲಿ, ಚಾವಣಿಯ ಕೆಳಗೇ, ಕಿಂಡಿ ಬಿಡಿ. ಒಂದು ಕೋಳಿಗೆ ಸುಮಾರು 1 ಚದರ ಅಡಿ ಲೆಕ್ಕ. ನಮ್ಮ ಗೂಡಿಗೆ ಮುಂದೆ 6 ಇಂಚು, ಹಿಂದೆ 6 ಇಂಚು, ಪೂರ್ತಿ 4 ಅಡಿ ಉದ್ದಕ್ಕೆ ಬಿಟ್ಟರೆ ಅಲ್ಲಿಗೇ 4 ಚದರ ಅಡಿ ಆಯಿತು. ಸೆಕೆ ನಾಡಾದರೆ ಇಷ್ಟಕ್ಕೆ ನಿಲ್ಲಿಸಬೇಡಿ, ಒಂದಿಡೀ ಗೋಡೆಯನ್ನೇ ಜಾಲರಿ ಮಾಡಿ. ನೆನಪಿಡಬೇಕಾದ್ದು, ಕಿಂಡಿಯು ಕೂತ ಕೋಳಿಯ ತಲೆಗಿಂತ ಮೇಲಿರಬೇಕು. ಚಳಿಗಾಳಿ ನೇರವಾಗಿ ಮೈಗೆ ಹೊಡೆಯಬಾರದು.

ಪರೀಕ್ಷೆ ಸುಲಭ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಕೋಳಿ ಕೂರುವ ಎತ್ತರಕ್ಕೆ ಮುಖ ಬಗ್ಗಿಸಿ ಉಸಿರು ಎಳೆಯಿರಿ. ಮೂಗು ಚುರ್ ಎಂದರೆ ಗಾಳಿ ಸಾಲದು.

7. ಜಾಲರಿ

ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿ ಅಗ್ಗ. ಅದು ಕೋಳಿಯನ್ನು ಒಳಗೆ ಇಡುತ್ತದೆ, ಅಷ್ಟೇ. ಹೊರಗಿನದ್ದನ್ನು ತಡೆಯುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ. ಇಲಿ, ಸಣ್ಣ ಹಾವು ಅದರ ಕಣ್ಣಿನಲ್ಲಿ ಆರಾಮಾಗಿ ತೂರುತ್ತವೆ. ನಿಮ್ಮ ಕಡೆ ಕಾಟ ಕೊಡುವುದು ನಾಯಿಯೋ, ನರಿಯೋ, ಮುಂಗುಸಿಯೋ, ಹೆಗ್ಗಣವೋ, ಏನೇ ಇರಲಿ, ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿದರೆ ನಿಶ್ಚಿಂತೆಯಿಂದ ಮಲಗಬಹುದು.

ಎಲ್ಲ ಕಡೆಗೂ ಅದನ್ನೇ ಹಾಕಲು ಕೈ ಸಾಲದಿದ್ದರೆ ಹೀಗೆ ಮಾಡಿ. ರಾತ್ರಿ ಕೋಳಿಗಳು ಗೂಡಿನೊಳಗೆ ಬೀಗದಲ್ಲಿರುತ್ತವೆ. ಹಾಗಾಗಿ ಗೂಡಿನ ಕಿಂಡಿ-ಕಿಟಕಿಗಳಿಗೆ ಅರ್ಧ ಇಂಚಿನದ್ದೇ ಬೇಕು, ಅಲ್ಲಿ ರಾಜಿ ಇಲ್ಲ. ಅಂಗಳಕ್ಕೆ ಕೆಳಗಿನ 3 ಅಡಿವರೆಗೆ ಅರ್ಧ ಇಂಚಿನದ್ದು ಹಾಕಿ, ಮೇಲಕ್ಕೆ 1 ಇಂಚು ಕಣ್ಣಿನದ್ದು ಸಾಕು. ಅಂಗಳದ ನೆತ್ತಿಯನ್ನೂ ಮುಚ್ಚಿ. ಹದ್ದು ಮೇಲಿನಿಂದ ಬರುತ್ತದೆ, ಬೆಕ್ಕು ಹತ್ತಿ ಬರುತ್ತದೆ. ನೆತ್ತಿಗೆ ಜಾಲರಿಯ ಬದಲು ಶೀಟು ಹಾಕಿದರೆ ಕಾಡುಹಕ್ಕಿಗಳ ಹಿಕ್ಕೆಯೂ ಒಳಗೆ ಬೀಳುವುದಿಲ್ಲ. ಹಕ್ಕಿಜ್ವರದಂಥ ರೋಗ ಹರಡುವ ದಾರಿಗಳಲ್ಲಿ ಅದೂ ಒಂದು.

ಜಾಲರಿಯನ್ನು ಬರೀ ಸ್ಟೇಪಲ್ ಪಿನ್ನಿನಲ್ಲಿ ನಿಲ್ಲಿಸಬೇಡಿ. ಒಂದು ದೊಡ್ಡ ನಾಯಿ ಮೈಭಾರ ಬಿಟ್ಟು ನೂಕಿದರೆ ಪಿನ್ನುಗಳು ಸಾಲಾಗಿ ಕಿತ್ತುಬರುತ್ತವೆ. 4-6 ಇಂಚಿಗೊಂದರಂತೆ ಸ್ಕ್ರೂ ಮತ್ತು ಅಗಲ ವಾಷರ್ ಹಾಕಿ, ಇಲ್ಲವೇ ಜಾಲರಿಯ ಅಂಚಿನ ಮೇಲೆ ಮರದ ಪಟ್ಟಿ ಒತ್ತಿ ಸ್ಕ್ರೂ ಬಿಗಿಯಿರಿ.

ಇನ್ನು ಬುಡ. ನಾಯಿ, ನರಿ ಬೇಲಿಯ ಬುಡದಲ್ಲೇ ತೋಡುತ್ತವೆ. ಅದಕ್ಕೆ ಜಾಲರಿಯನ್ನು ಆಳಕ್ಕೆ ಹೂಳಬೇಕಿಲ್ಲ. ಒಂದೂವರೆ ಅಡಿ ಅಗಲದ ಜಾಲರಿಯನ್ನು ಅಂಗಳದ ಹೊರಗೆ, ನೆಲದ ಮೇಲೆ ಸುತ್ತಲೂ ಹಾಸಿ, ಒಳ ಅಂಚನ್ನು ಗೋಡೆಯ ಜಾಲರಿಗೆ ತಂತಿಯಿಂದ ಹೊಲಿಯಿರಿ. ಮೇಲೆ ಎರಡು ಇಂಚು ಮಣ್ಣೋ ಕಲ್ಲೋ ಹರಡಿ. ತೋಡಲು ಬಂದ ಪ್ರಾಣಿ ಬುಡದಲ್ಲಿ ಕೆರೆಯುತ್ತದೆ, ಉಗುರಿಗೆ ತಂತಿ ಸಿಗುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ಅಲ್ಲಿಂದ ತೋಡಬೇಕು ಎಂಬುದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಗುಂಡಿ ತೋಡುವ ಕೂಲಿ ನಿಮಗೆ ಉಳಿಯಿತು.

ಕೆಲಸ ಮುಗಿದ ಮೇಲೆ ನೆಲಕ್ಕೆ ಬಿದ್ದ ತಂತಿ ಚೂರು, ಸ್ಕ್ರೂಗಳನ್ನು ಆಯ್ದುಬಿಡಿ. ಹೊಳೆಯುವುದೇನು ಕಂಡರೂ ಕೋಳಿ ನುಂಗುತ್ತದೆ. ತಂತಿ ಚೂರು ಹೊಟ್ಟೆಯೊಳಗೆ ಚುಚ್ಚಿದರೆ ಉಳಿಯುವುದು ಕಷ್ಟ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಹೋಗಿ. ಕಣ್ಣಿಗೆ ಬೀಳದಿದ್ದ ಎಷ್ಟೋ ಚೂರುಗಳು ಅದಕ್ಕೆ ಅಂಟಿಕೊಂಡು ಬರುತ್ತವೆ.

8. ಬಾಗಿಲು, ಚಿಲಕ

ಎರಡು ಬಾಗಿಲು ಬೇಕು. ಒಂದು ಕೋಳಿಗೆ, 10 ಇಂಚು ಅಗಲ 12 ಇಂಚು ಎತ್ತರ. ಇನ್ನೊಂದು ನಿಮಗೆ. ನಿಮ್ಮದನ್ನು ಎಷ್ಟು ದೊಡ್ಡದು ಮಾಡಿದರೂ ನಷ್ಟವಿಲ್ಲ. ಮುಂದಿನ ಗೋಡೆ ಪೂರ್ತಿ ತೆರೆಯುವಂತಿದ್ದರೆ ಪೊರಕೆ, ಸಲಿಕೆ ಸಲೀಸಾಗಿ ಮೂಲೆಯವರೆಗೂ ಹೋಗುತ್ತದೆ. ಗುಡಿಸಲು ಕಷ್ಟವಾದ ಗೂಡನ್ನು ಯಾರೂ ಗುಡಿಸುವುದಿಲ್ಲ. ಬಾಗಿಲ ಬುಡದಲ್ಲಿ 6 ಇಂಚಿನ ಹಲಗೆಯೊಂದನ್ನು ಎರಡು ಪಟ್ಟಿಗಳ ನಡುವೆ ಇಳಿಬಿಡಿ. ನೆಲದ ಹಾಸು ಹೊರಗೆ ಚೆಲ್ಲದಂತೆ ಅದು ತಡೆಯುತ್ತದೆ, ಗುಡಿಸುವಾಗ ಎತ್ತಿ ತೆಗೆದರಾಯಿತು.

ಒಂದೇ ಮೊಳೆಯ ಮೇಲೆ ತಿರುಗುವ ಮರದ ತುಂಡು ಚಿಲಕವಲ್ಲ. ನಾಯಿ ಮೂಗಿನಿಂದ ನೂಕಿದರೆ ತಿರುಗಿಬಿಡುತ್ತದೆ. ಕಬ್ಬಿಣದ ಚಿಲಕ ಹಾಕಿ, ಅದರ ತೂತಿಗೆ ಒಂದು ಸ್ಪ್ರಿಂಗ್ ಕೊಕ್ಕೆ ಸಿಕ್ಕಿಸಿ. ದೊಡ್ಡ ಬಾಗಿಲಿಗೆ ಮೇಲೊಂದು, ಕೆಳಗೊಂದು. ಬಾಗಿಲು ಹಾಕಿ ಸುತ್ತಲಿನ ಸಂದಿಗೆ ಹೆಬ್ಬೆರಳು ತೂರಿಸಿ ನೋಡಿ. ಬೆರಳು ಹೋದರೆ ಇಲಿಯೂ ಹೋಗುತ್ತದೆ. ಅಲ್ಲಿಗೆ ಒಂದು ಪಟ್ಟಿ ಹೊಡೆಯಿರಿ.

ಹತ್ತಲು ಒಂದು ಹಲಗೆ ಇಳಿಬಿಟ್ಟು, ಕಾಲು ಜಾರದಂತೆ ಅಡ್ಡಕ್ಕೆ 5-6 ಇಂಚಿಗೊಂದು ಸಣ್ಣ ಪಟ್ಟಿ ಹೊಡೆದರೆ ಸಾಕು.

9. ಒಳಗಿನ ಏರ್ಪಾಡು

ಕೂರುವ ಕೋಲು: ಕೋಳಿಗೆ ರಾತ್ರಿ ಎತ್ತರದಲ್ಲಿ ಕೂತೇ ನಿದ್ದೆ ಬರುವುದು. 2 ಇಂಚು ಅಗಲದ ಮರದ ಪಟ್ಟಿಯ ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿ, ಅಗಲದ ಮುಖ ಮೇಲೆ ಬರುವಂತೆ ಕೂರಿಸಿ. ಒಂದು ಕೋಳಿಗೆ 8ರಿಂದ 10 ಇಂಚು ಬೇಕು, 4 ಅಡಿಯ ಒಂದೇ ಕೋಲು ನಾಲ್ಕಕ್ಕೂ ಆಗುತ್ತದೆ. ಗೋಡೆಯಿಂದ 1 ಅಡಿ ಮುಂದೆ, ಗೂಡಿನ ಒಳನೆಲದಿಂದ 2 ಅಡಿ ಮೇಲೆ ಇರಲಿ. ಭಾರದ ತಳಿಯಾದರೆ ಇನ್ನೂ ತಗ್ಗಿಸಿ, ಧುಮುಕುವಾಗ ಕಾಲಿಗೆ ಪೆಟ್ಟಾಗುತ್ತದೆ. ಪ್ಲಾಸ್ಟಿಕ್ ಪೈಪು ಬೇಡ, ಜಾರುತ್ತದೆ. ಕೋಲನ್ನು ಸ್ಕ್ರೂ ಹಾಕಿ ಭದ್ರ ಮಾಡಬೇಡಿ. ಎರಡು ಕಡೆ ಗೂಟದ ಮೇಲೆ ಕೂರಿಸಿ, ಎತ್ತಿ ತೆಗೆಯುವಂತಿರಲಿ. ಕಾರಣ ಮುಂದೆ ಹೇಳುತ್ತೇನೆ.

ಮೊಟ್ಟೆ ಪೆಟ್ಟಿಗೆ: ಉದ್ದ, ಅಗಲ, ಎತ್ತರ ಎಲ್ಲ 12 ಇಂಚು. ನಾಲ್ಕು ಹೇಂಟೆಗೆ ಒಂದಾದರೂ ನಡೆಯುತ್ತದೆ, ಎರಡಿದ್ದರೆ ಒಳ್ಳೆಯದು. ಎರಡಿದ್ದರೂ ಎಲ್ಲವೂ ಒಂದಕ್ಕೇ ಕ್ಯೂ ನಿಲ್ಲುತ್ತವೆ, ಅದು ಬೇರೆ ಮಾತು. ಹಳೆ ಬಕೆಟ್ಟನ್ನು ಅಡ್ಡ ಮಲಗಿಸಿ, ಬಾಯಿಗೆ 4 ಇಂಚಿನ ಹಲಗೆ ಅಡ್ಡ ಕೊಟ್ಟರೂ ಪೆಟ್ಟಿಗೆ ಆಯಿತು. ಸ್ವಲ್ಪ ಕತ್ತಲಿರುವ ಮೂಲೆ ನೋಡಿ ಇಡಿ. ಪೆಟ್ಟಿಗೆ ಯಾವಾಗಲೂ ಕೂರುವ ಕೋಲಿಗಿಂತ ಕೆಳಗೇ ಇರಬೇಕು. ಮೇಲಿದ್ದರೆ ಕೋಳಿಗಳು ರಾತ್ರಿ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ, ಬೆಳಗ್ಗೆ ಗಲೀಜು ಮೊಟ್ಟೆ.

ನೆಲದ ಹಾಸು: ಒಣಗಿದ ಮರದ ಹೆರೆ ಅಥವಾ ಧಾನ್ಯದ ಹೊಟ್ಟು, 3-4 ಇಂಚು ದಪ್ಪ. ಪ್ಲೈವುಡ್ ಮೇಲೆ ಹಳೆ ವಿನೈಲ್ ಹಾಸು ಸಿಕ್ಕರೆ ಮೊದಲು ಅದನ್ನು ಹಾಸಿಬಿಡಿ, ಮರ ಹಾಳಾಗುವುದಿಲ್ಲ. ಒದ್ದೆಯಾದ ಕಡೆ ತೆಗೆದು ಹೊಸದು ಹಾಕುತ್ತಿರಿ. ತೆಗೆದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಹಸಿ ಹಿಕ್ಕೆಯನ್ನು ನೇರ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ.

ನೀರು-ಮೇವಿನ ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ. ಕೆದಕಿ ಕಸ ತುಂಬುವುದು ತಪ್ಪುತ್ತದೆ. ರಾತ್ರಿ ಮೇವು ಹೊರಗೆ ಬಿಡಬೇಡಿ, ಇಲಿಗಳನ್ನು ನೀವೇ ಕರೆದಂತೆ.

10. ಕೋಳಿ ಬಿಟ್ಟ ಮೇಲೆ

ಬಣ್ಣ ಬಳಿದಿದ್ದರೆ ವಾಸನೆ ಪೂರ್ತಿ ಹೋಗುವವರೆಗೂ ಕಾಯಿರಿ. ಒಳಗೆ ಬಣ್ಣದ ಬದಲು ಸುಣ್ಣ ಬಳಿದರೆ ಅಗ್ಗವೂ ಹೌದು, ಸಂದಿಗಳೂ ಮುಚ್ಚುತ್ತವೆ. ಅದೂ ಚೆನ್ನಾಗಿ ಒಣಗಬೇಕು. ಹೊಸ ಕೋಳಿಗಳನ್ನು ಮೊದಲ ಒಂದು ವಾರ ಗೂಡು ಮತ್ತು ಅಂಗಳದೊಳಗೇ ಇಡಿ. ಇದೇ ತಮ್ಮ ಮನೆ ಎಂದು ಪಳಗಿದ ಮೇಲೆ, ಹೊರಗೆ ಬಿಟ್ಟರೂ ಕತ್ತಲಾಗುವ ಹೊತ್ತಿಗೆ ತಾವಾಗಿ ಬಂದು ಕೋಲು ಹತ್ತುತ್ತವೆ. ನೀವು ಎಣಿಸಿ ಚಿಲಕ ಹಾಕಿದರೆ ಆಯಿತು.

ಕೋಲನ್ನು ಎತ್ತಿ ತೆಗೆಯುವಂತೆ ಮಾಡಿ ಎಂದಿದ್ದು ಕೆಂಪು ನುಸಿಗಾಗಿ. ಇದು ಕಣ್ಣಿಗೆ ಅಷ್ಟಾಗಿ ಕಾಣದಷ್ಟು ಸಣ್ಣ ಹುಳ. ಹಗಲು ಮರದ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ಕೋಳಿಯ ರಕ್ತ ಹೀರುತ್ತದೆ. ಹಗಲು ಕೋಳಿಯ ಮೈ ನೋಡಿದರೆ ಏನೂ ಸಿಗುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಕೋಲಿನ ತುದಿ ಗೂಟಕ್ಕೆ ಕೂರುವ ಜಾಗವನ್ನು ಬಿಳಿ ಕಾಗದದಿಂದ ಒರೆಸಿ. ಕಾಗದದ ಮೇಲೆ ಕೆಂಪು ಗೀರು ಮೂಡಿದರೆ ನುಸಿ ಇದೆ. ಕೋಲು ಹೊರತೆಗೆದು ಕುದಿಯುವ ನೀರು ಸುರಿಯಿರಿ, ಒಳಗಿನ ಸಂದಿಗಳನ್ನು ತಿಕ್ಕಿ ತೊಳೆದು ಒಣಗಿಸಿ, ಸುಣ್ಣ ಬಳಿಯಿರಿ. ಒಂದು ವಾರ ಬಿಟ್ಟು ಮತ್ತೆ ಕಾಗದ ಒರೆಸಿ ನೋಡಿ. ಆಗಲೂ ಕೆಂಪಾದರೆ ಪಶುವೈದ್ಯರನ್ನು ಕೇಳಿ ಔಷಧ ಹಾಕಿ. ಬೆಳೆಗೆ ಹೊಡೆಯುವ ಔಷಧವನ್ನು ಮಾತ್ರ ಗೂಡಿಗೆ ತರಬೇಡಿ.